ಬೇಸಿಗೆಯ ಕಚೇರಿಗಳು ಮತ್ತು ನಮ್ಮ ಕಿವಿ



ವೈದ್ಯರು ವೇದಿಕೆ ಏರಿದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಉಪದೇಶ ತಪ್ಪಿದ್ದಲ್ಲವೆಂದು ತಾವು ಭಾವಿಸಿರಬಹುದು. ಇಂದು ಅವೆರಡಕ್ಕೂ ಬಿಡುವು ಕೊಟ್ಟು, 2024ರ ಬೇಸಿಗೆಯಲ್ಲಿ ಶಿಕಾಗೋ ಪರಿಸರದಲ್ಲಿ ನಾವು ದಂಪತಿಗಳು ಕೇಳಿದ ಸಂಗೀತದ ವಿಚಾರವನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಈ ಊರಿನ ಗ್ರಾಂಟ್ ಪಾರ್ಕ್ ಸಂಗೀತೋತ್ಸವ ಆರಂಭವಾದದ್ದು 1935ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ. ವಾದ್ಯಗಾರರ ಸಂಘದ ನಾಯಕ ಜೇಮ್ಸ್ ಪೆಟ್ರಿಲ್ಲೊ ಅವರ ಒತ್ತಾಸೆಯಿಂದ ಕೆಲಸವಿಲ್ಲದ ಕಲಾವಿದರಿಗೆ ಅನ್ನವೂ ಕಾಸಿಲ್ಲದ ಶ್ರೋತೃಗಳಿಗೆ ಗಾನವೂ ಒಟ್ಟಿಗೇ ದೊರೆತವು. ಹುಲ್ಲುಹಾಸಿನ ಮೇಲೆ ಕುಳಿತು ಕೇಳಲು ಇಂದಿಗೂ ಹಣ ತೆರಬೇಕಿಲ್ಲ. ಉತ್ತರಕ್ಕಿರುವ ರವೀನಿಯಾ ಇನ್ನೂ ಹಿರಿಯದು, 1904ರದು. 1936ರಿಂದ ಶಿಕಾಗೋ ಸಿಂಫನಿ ವಾದ್ಯವೃಂದದ ಬೇಸಿಗೆಯ ಬಿಡಾರ. ಅಲ್ಲಿ ರೈಲು ಬಾಗಿಲಿಗೇ ಬರುತ್ತದೆ. ಪಿಟೀಲುಗಳು ಪಿಸುಗುಟ್ಟುವ ಗಳಿಗೆಯನ್ನೇ ನೋಡಿಕೊಂಡು ಬರುವುದೂ ಉಂಟು. ಆ ಜೂನಿನಲ್ಲಂತೂ 17 ವರ್ಷಕ್ಕೊಮ್ಮೆ ನೆಲದಿಂದೇಳುವ ಜೀರುಂಡೆಗಳೂ ಶ್ರುತಿ ಹಿಡಿದಿದ್ದವು.

ನಮ್ಮನ್ನು ಹೆಚ್ಚು ಆಕರ್ಷಿಸಿದ್ದು 2004ರಲ್ಲಿ ಮಿಲೇನಿಯಮ್ ಪಾರ್ಕಿನಲ್ಲಿ ತೆರೆದ, ಫ್ರಾಂಕ್ ಗೆಹ್ರಿ ರೂಪಿಸಿದ ರಂಗಮಂಟಪ. ಹುಲ್ಲುಹಾಸಿನ ಮೇಲೆ ಉಕ್ಕಿನ ಜಾಲಂದ್ರದ ಚಪ್ಪರ, ಅದರಿಂದ ಇಳಿಬಿಟ್ಟ ಧ್ವನಿವರ್ಧಕಗಳು. ಹಿಂದಿನವುಗಳಿಗೆ ಧ್ವನಿಯನ್ನು ಕ್ಷಣಾಂಶ ತಡಮಾಡಿ ಕಳಿಸುವುದರಿಂದ ನಾದ ವೇದಿಕೆಯಿಂದಲೇ ಬಂದಂತೆ ಭಾಸವಾಗುತ್ತದೆ. ಅಲ್ಲಿ ಯಂತ್ರವಿದೆ, ಅರಚಾಟವಿಲ್ಲ. ಮೆಲ್ಲನೆಯ ಭಾಗ ಬಂದಾಗ ಶ್ರೋತೃಗಳೇ ಉಸಿರು ಬಿಗಿಹಿಡಿದು ಅದರತ್ತ ಬಾಗುತ್ತಾರೆ. ಮನೆಯ ತಟ್ಟೆ, ಸುರುಳಿಗಳಲ್ಲಿ ಧ್ವನಿಯ ತಿರುಪು ನಮ್ಮ ಕೈಯಲ್ಲಿರುತ್ತದೆ. ಇಲ್ಲಿ ನಾವೇ ತಿರುಗಬೇಕು.

ಈಗ ಸ್ವಲ್ಪ ವೈದ್ಯಕೀಯ, ಕ್ಷಮೆಯಿರಲಿ. ಒಳಕಿವಿಯ ಶಂಖದಲ್ಲಿ ನಾದವನ್ನು ನರಸಂಕೇತವಾಗಿಸುವ ಸೂಕ್ಷ್ಮ ರೋಮಕೋಶಗಳಿವೆ. ಮನುಷ್ಯನಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂದು ಒಂದು ಪ್ರಸಿದ್ಧ ಅಳತೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ. ನಮ್ಮ ಬಾಡಿಗೆ ಸಭಾಂಗಣಗಳಲ್ಲಿ ಮೃದಂಗಕ್ಕೂ ತಂಬೂರಿಗೂ ಒಂದೊಂದು ಮೈಕು ಹೂಡಿ ಮೂರು ಗಂಟೆ ನುಡಿಸುತ್ತೇವೆ. ಸದ್ದು ಜೋರಾದಷ್ಟೂ ಹಿಂದಿನ ಸಾಲಿನ ಹರಟೆಯೂ ಜೋರು, ಅದನ್ನು ಮುಚ್ಚಲು ಮತ್ತಷ್ಟು ಸದ್ದು!

ಮೈಸೂರು ಸೀಮೆಯವರು ಹೀಗೆ ಮಾಡುವುದು ವಿಚಿತ್ರ. ವೀಣೆ ಶೇಷಣ್ಣನವರ ವೀಣೆ ಮೈಕಿನ ಹಂಗಿನಲ್ಲಿ ಬೆಳೆದದ್ದಲ್ಲ. ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಪಿಸಿದ್ದು, ಧ್ವನಿವರ್ಧಕವಿಲ್ಲದ ಸಭೆಯ ಕೊನೆಯವನಿಗೂ ನಾದ ಮುಟ್ಟಲೆಂದು. ಬೆಂಗಳೂರಿನಲ್ಲಿ ವೈದ್ಯ ವಿದ್ಯಾರ್ಥಿಗಳಾಗಿದ್ದಾಗ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ, 1939ರಿಂದ ನಡೆದುಬಂದ ರಾಮನವಮಿ ಕಚೇರಿಗಳನ್ನು ನಾವೂ ಕೇಳಿದ್ದೇವೆ. ಅಲ್ಲಿ ಮೈಕು ಇತ್ತು, ನಿಜ. ಆದರೆ ಆಲಾಪನೆಯ ನಡುವೆ ಪಕ್ಕದವರು ಕೆಮ್ಮಿದರೂ ಹಿರಿಯರು ತಿರುಗಿ ನೋಡುತ್ತಿದ್ದರು. ಆ ನೋಟವೇ ನಮಗೆ ಸಂಗೀತದ ಮೊದಲ ಪಾಠ.

ನಮ್ಮ ಮಕ್ಕಳು ಶಾಲೆಯ ವಾದ್ಯವೃಂದಗಳಲ್ಲಿ ಪಿಟೀಲು, ಚೆಲ್ಲೊ ನುಡಿಸುತ್ತಾರೆ, ವಾರಾಂತ್ಯದಲ್ಲಿ ವರ್ಣ ಕಲಿಯುತ್ತಾರೆ. ಕರೆದೊಯ್ದವರು ಕಾರಿನಲ್ಲೇ ಕುಳಿತು ಕಾಯುತ್ತಾರೆ. ನುಡಿಸುವವರನ್ನು ತಯಾರಿಸುತ್ತಿದ್ದೇವೆ, ಕೇಳುವವರನ್ನಲ್ಲ. ಅವರಿಗೆ ಶ್ರೋತೃಗಳು ಎಲ್ಲಿಂದ ಬರಬೇಕು?

ಆದ್ದರಿಂದ ಕೂಟದ ಮುಂದೆ ಒಂದು ಸಲಹೆ. ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ಮಕ್ಕಳೊಡನೆ ಗ್ರಾಂಟ್ ಪಾರ್ಕಿಗೆ ಹೋಗೋಣ. ಇನ್ನೊಂದು ಸಂಜೆ ಮೈಕಿಲ್ಲದ ವೀಣಾವಾದನವನ್ನು ಏರ್ಪಡಿಸೋಣ. ನಮ್ಮ ಮನೆಯ ನೆಲಮಾಳಿಗೆ ಸಿದ್ಧವಿದೆ, 50 ಜನ ಕೂರಬಹುದು. ಮಕ್ಕಳು ಮುಂದಿನ ಸಾಲಿನಲ್ಲಿ. ಚಪ್ಪಲಿ ಹೊರಗೆ, ದೂರವಾಣಿ ಚಪ್ಪಲಿಯ ಜೊತೆಗೆ. ಊಟ ಮಂಗಳದ ನಂತರ.