ಮಧುಮೇಹವೂ ಉಷ್ಣಾಘಾತ ಸಸಾರಜನಕಗಳೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಶಾಸ್ತ್ರಪಾಠ ಹೇಳುವವನಿಗೆ ವೈದ್ಯವಿಷಯವೇಕೆಂದು ತಾವು ಕೇಳಬಹುದು. ಕಾರಣವುಂಟು. ನಮ್ಮ ಹಿರಿಯ ಭಕ್ತರೊಬ್ಬರು ಮಧುಮೇಹಿಗಳು. ಬಿಸಿನೀರಿನಿಂದ ಸಕ್ಕರೆ ಇಳಿಯುವುದೆಂದು ಯಾರೋ ಹೇಳಿದುದನ್ನು ನಂಬಿ, ಅವರು ಔಷಧವನ್ನು ಬಿಟ್ಟು, ದಿನವೂ ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತರು. ಸ್ಪರ್ಶಜ್ಞಾನ ಕುಂದಿದ ಪಾದವು ಬೆಂದುದು ಅವರಿಗೆ ತಿಳಿಯಲೇ ಇಲ್ಲ. ಕಡೆಗೆ ಎರಡು ಬೆರಳುಗಳನ್ನು ತೆಗೆಯಿಸಬೇಕಾಯಿತು. ಅವರಿಗೆ ಆ ಮಾತನ್ನು ಹೇಳಿದವನು ಸುಳ್ಳುಗಾರನಲ್ಲ. ಅರ್ಧ ಸತ್ಯವನ್ನು ಹೇಳಿದನು. ಉಳಿದ ಅರ್ಧವನ್ನು ಹೇಳುವುದೇ ನನ್ನ ಉದ್ದೇಶವು.

ನಾವು ಉಂಡ ಅನ್ನವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಎಂಬ ರಸವು ಮಾಂಸಖಂಡದ ಜೀವಕಣಗಳ ಬಾಗಿಲಿಗೆ ಬಂದು, ಆ ಸಕ್ಕರೆಯನ್ನು ಒಳಕ್ಕೆ ಕರೆದುಕೊಳ್ಳಿರೆಂದು ಅಪ್ಪಣೆ ಮಾಡುತ್ತದೆ. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮೊದಲಾದವರು ಈ ರಸವನ್ನು ಬೇರ್ಪಡಿಸಿದರು. 1922ರಲ್ಲಿ ಅದು ರೋಗಿಗಳಿಗೆ ಔಷಧವಾಗಿ ದೊರೆಯಿತು. ಆದರೆ ನಡುವಯಸ್ಸಿನಲ್ಲಿ ಬರುವ ಮಧುಮೇಹದಲ್ಲಿ ಅನೇಕರಿಗೆ ಇನ್ಸುಲಿನ್ ಇದ್ದೂ ಜೀವಕಣಗಳು ಅದರ ಮಾತನ್ನು ಕೇಳವು. ಇದಕ್ಕೆ ಇನ್ಸುಲಿನ್ ಪ್ರತಿರೋಧವೆಂದು ಹೆಸರು.

ಇನ್ನು ಉಷ್ಣದ ವಿಷಯ. 1962ರಲ್ಲಿ ಇಟಲಿ ದೇಶದ ರಿಟೋಸಾ ಎಂಬ ವಿಜ್ಞಾನಿಯು, ಹಣ್ಣಿನ ನೊಣದ ಜೀವಕಣಗಳಿಗೆ ಹೆಚ್ಚಿನ ಕಾವು ತಗುಲಿದಾಗ ಅವುಗಳ ವರ್ಣತಂತುಗಳು ಕೆಲವೆಡೆ ಉಬ್ಬುವುವೆಂದು ಪ್ರಕಟಿಸಿದನು. ಆ ಕಾವಿನಿಂದ ವಿಶೇಷವಾದ ಸಸಾರಜನಕಗಳು, ಎಂದರೆ ಪ್ರೋಟೀನುಗಳು, ಹುಟ್ಟುವುವೆಂಬುದು 1974ರಲ್ಲಿ ತಿಳಿದುಬಂದಿತು. ಇವೇ ಉಷ್ಣಾಘಾತ ಸಸಾರಜನಕಗಳು. ಜಾತ್ರೆಯ ನೂಕುನುಗ್ಗಲಿನಲ್ಲಿ ಸ್ವಯಂಸೇವಕರು ಬಿದ್ದವರನ್ನೆತ್ತಿ ಸಾಲು ಕೆಡದಂತೆ ಕಾಯುವ ಹಾಗೆ, ಜೀವಕಣಕ್ಕೆ ಸಂಕಟ ಬಂದಾಗ ಇವು ಮಡಿಕೆಗೆಟ್ಟ ಇತರ ಸಸಾರಜನಕಗಳನ್ನು ಸರಿಪಡಿಸುತ್ತವೆ.

ಇವುಗಳಿಗೂ ಮಧುಮೇಹಕ್ಕೂ ಸಂಬಂಧವೇನು? ದೇಹದಲ್ಲಿ ಕೊಬ್ಬು ಮಿತಿಮೀರಿದಾಗ ಜೀವಕಣಗಳಲ್ಲಿ ಜೆ.ಎನ್.ಕೆ. ಎಂಬ ಕಿಣ್ವವು ಕೆರಳಿ, ಇನ್ಸುಲಿನ್ನಿನ ಅಪ್ಪಣೆಯನ್ನು ನಡುದಾರಿಯಲ್ಲಿಯೇ ತಡೆಯುತ್ತದೆ. ಉಷ್ಣಾಘಾತ ಸಸಾರಜನಕ 72 ಎಂಬುದು ಆ ಕಿಣ್ವವನ್ನು ಹದ್ದಿನಲ್ಲಿಡಲು ನೆರವಾಗುತ್ತದೆ. ಮಧುಮೇಹಿಗಳ ಮಾಂಸಖಂಡದಲ್ಲಿ ಇದು ಕಡಮೆಯಾಗಿರುವುದೆಂದು 2002ರಲ್ಲಿ ಪ್ರಕಟವಾಯಿತು. ಇದನ್ನು ಹೆಚ್ಚಾಗಿ ಪಡೆದ ಇಲಿಗಳು ಕೊಬ್ಬಿನ ಆಹಾರವನ್ನು ತಿಂದರೂ ಇನ್ಸುಲಿನ್ ಪ್ರತಿರೋಧಕ್ಕೆ ಸುಲಭವಾಗಿ ಒಳಗಾಗಲಿಲ್ಲವೆಂದು 2008ರಲ್ಲಿ ತಿಳಿಯಿತು.

1999ರಲ್ಲಿ ಅಮೆರಿಕಾದ ಹೂಪರ್ ಎಂಬ ವೈದ್ಯನು ಎಂಟು ಮಂದಿ ಮಧುಮೇಹಿಗಳನ್ನು ದಿನಕ್ಕೆ 30 ನಿಮಿಷ, ವಾರಕ್ಕೆ 6 ದಿನ, 3 ವಾರಗಳ ಕಾಲ ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರಿಸಿದನು. ಉಪವಾಸದಲ್ಲಿ ಅಳೆದ ರಕ್ತದ ಸಕ್ಕರೆಯು ಸರಾಸರಿ 182ರಿಂದ 159ಕ್ಕೆ ಇಳಿಯಿತು. ನಮ್ಮ ಭಕ್ತರು ಕೇಳಿದ ಅರ್ಧ ಸತ್ಯದ ಮೂಲವು ಇಂಥದೇ. ಆದರೆ ಎಂಟೇ ಮಂದಿಯ ಪರೀಕ್ಷೆಯಿಂದ ಚಿಕಿತ್ಸೆಯು ಸಿದ್ಧವಾಗದು. ಸಕ್ಕರೆಯು 159ಕ್ಕೆ ಇಳಿದುದೂ ಆರೋಗ್ಯವಲ್ಲ. ಇನ್ಸುಲಿನ್ ಚುಚ್ಚಿಸಿಕೊಂಡವರು ಬಿಸಿನೀರಿಗಿಳಿದರೆ ಔಷಧವು ಬೇಗ ರಕ್ತಕ್ಕೇರಿ, ಸಕ್ಕರೆ ಕುಸಿದು ಮೂರ್ಛೆ ಬರಲೂಬಹುದು.

ಹಾಗಾದರೆ ಆ ಸ್ವಯಂಸೇವಕರನ್ನು ಎಚ್ಚರಿಸಲು ಬೇರೆ ಉಪಾಯವಿಲ್ಲವೆ? ಉಂಟು. ಮೈ ದಣಿಯುವ ಕೆಲಸದಿಂದಲೂ ಮಾಂಸಖಂಡದಲ್ಲಿ ಈ ಸಸಾರಜನಕಗಳು ಹೆಚ್ಚುತ್ತವೆ. ಸುಶ್ರುತಾಚಾರ್ಯನು ಬಡ ಪ್ರಮೇಹಿಗೆ, ಮುನಿಯಂತೆ ಸಂಯಮದಿಂದ, ಭಿಕ್ಷಾನ್ನವನ್ನುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯೆಂದು ವಿಧಿಸಿದ್ದಾನೆ. ಆತನಿಗೆ ಸಸಾರಜನಕಗಳು ತಿಳಿದಿದ್ದುವೆಂದು ನಾನು ಹೇಳಲಾರೆ. ರೋಗಿಯು ನಡೆದರೆ ಗುಣವಾಗುವುದನ್ನು ಆತನು ಬಲ್ಲನು. ಆ ವಿಧಿಯಲ್ಲಿ ನಮ್ಮ ಜಂಗಮರ ಚರ್ಯೆಯೇ ಕಾಣುವುದಲ್ಲವೆ? ಪಾದರಕ್ಷೆಯಿಲ್ಲದೆ ನಡೆಯಬೇಕೆಂಬ ಆತನ ಮಾತನ್ನು ಮಾತ್ರ ಮಧುಮೇಹಿಗಳು ಪಾಲಿಸಕೂಡದು. ಮಧ್ಯಾಹ್ನದ ಸುಡುಗಲ್ಲಿನ ಮೇಲೆ ಬರಿಗಾಲಿನ ಪ್ರದಕ್ಷಿಣೆಯೂ ಬೇಡ. ಮುಂಜಾನೆಯ ತಂಪಿನಲ್ಲಿ ಮಾಡಿದರೂ ಶಿವನು ಒಪ್ಪಿಕೊಳ್ಳುವನು.

ಕಾಯಕವು ಮುಕ್ತಿಗೆ ಸಾಧನವೆಂದು ನಾವು ಕೇಳಿ ಬೆಳೆದವರು. ಅದು ದೇಹಕ್ಕೂ ಕಾವಲೆಂಬುದನ್ನು ಅರಿಯೋಣ. ದಾಸೋಹದ ಪಂಕ್ತಿಯಲ್ಲಿ ಬಡಿಸುವವರು, ಬೇಡವೆಂದು ಕೈ ಅಡ್ಡ ಹಿಡಿದ ಮಧುಮೇಹಿಯ ಎಲೆಗೆ ಮತ್ತೊಂದು ಹೋಳಿಗೆ ಹಾಕುವುದು ಭಕ್ತಿಯಲ್ಲ. ಚಿಟಿಕೆಯಷ್ಟಾದರೂ ಪ್ರಸಾದವು ಪ್ರಸಾದವೇ. ವೈದ್ಯನ ಔಷಧವನ್ನು ಬಿಡಬೇಡಿರಿ, ಪ್ರತಿ ರಾತ್ರಿ ಪಾದಗಳನ್ನು ನೋಡಿಕೊಳ್ಳಿರಿ, ಪ್ರತಿದಿನವೂ ನಡೆಯಿರಿ. ಬೆರಳು ಕಳೆದುಕೊಂಡ ಆ ಹಿರಿಯರು ಇಂದು ಈ ಸಭೆಯಲ್ಲಿದ್ದಾರೆ. ಇದನ್ನು ಹೇಳೆಂದು ನನಗೆ ಅಪ್ಪಣೆ ಮಾಡಿದವರು ಅವರೇ.