ಹಿಡಿಯಲೂ ಬೇಕು, ಬಿಡಲೂ ಬೇಕು: ದೊಡ್ಡ ಡೀಸೆಲ್ ಪಿಕಪ್ಪಿಗೆ ಕ್ಲಚ್ ಆರಿಸುವ ಮಾತು

ಪಾಲಿಟೆಕ್ನಿಕ್ ಮತ್ತು ಐಟಿಐಗಳಿಂದ ಬಂದಿರುವ ಅಧ್ಯಾಪಕ ಮಿತ್ರರೆ, ಹಿಂದಿನ ಸಾಲಿನಲ್ಲೇ ಕೂರುತ್ತೇವೆಂದು ಹಟ ಹಿಡಿದ ಗ್ಯಾರೇಜಿನ ಗೆಳೆಯರೆ,

ಈ ಭಾಷಣ ಹುಟ್ಟಿದ್ದು ಒಂದು ಫೋನ್ ಕರೆಯಿಂದ. ನನ್ನ ಅಕ್ಕನ ಮಗ ಟೆಕ್ಸಾಸಿನಲ್ಲಿದ್ದಾನೆ. ಅವನ ಕೆಲಸ ಕಂಪ್ಯೂಟರಿನದು, ಹುಚ್ಚು ಗಾಡಿಯದು. ಅಲ್ಲಿ 2006ರ ಮಾಡೆಲ್ಲಿನ ಡಾಡ್ಜ್ ರ‍್ಯಾಮ್ 2500 ಪಿಕಪ್ಪೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದ. 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್, ಆರು ಗೇರಿನ ಮ್ಯಾನ್ಯುಯಲ್ ಬಾಕ್ಸ್. ಹಿಂದಿನ ಮಾಲೀಕ ಎಂಜಿನ್ನಿನ ಕಂಪ್ಯೂಟರಿಗೆ ಟ್ಯೂನಿಂಗ್ ಮಾಡಿಸಿ ಶಕ್ತಿ ಏರಿಸಿಟ್ಟಿದ್ದ. ಒಂದು ರಾತ್ರಿ ಇವನ ಫೋನ್ ಬಂತು. "ಮಾವ, ಟಾಪ್ ಗೇರಲ್ಲಿ ಆಕ್ಸಲರೇಟರ್ ಒತ್ತಿದ್ರೆ ಆರ್‌ಪಿಎಂ ಏರತ್ತೆ, ಗಾಡಿ ಏರಲ್ಲ. ಮಾರ್ಕೆಟ್ಟಲ್ಲಿ ಎಲ್ಲಕ್ಕಿಂತ ಗಟ್ಟಿ ಕ್ಲಚ್ ಯಾವ್ದು ಹೇಳಿ, ಅದನ್ನೇ ಹಾಕಿಸಿಬಿಡ್ತೀನಿ."

ಕ್ಲಚ್ ಸ್ಲಿಪ್ ಆಗುತ್ತಿದೆ ಎಂಬ ಅವನ ರೋಗನಿರ್ಣಯ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು 'ಎಲ್ಲಕ್ಕಿಂತ ಗಟ್ಟಿ' ಎಂಬ ಮಾತಿನಲ್ಲಿ. ಹಗ್ಗ, ಸರಪಳಿ, ಬೋಲ್ಟುಗಳನ್ನು ಗಟ್ಟಿ ನೋಡಿ ಕೊಳ್ಳಬಹುದು. ಕ್ಲಚ್ಚಿನ ಬಾಳು ಬೇರೆ. ಅದು ಬಿಗಿಯಾಗಿ ಹಿಡಿಯಲೂ ಬೇಕು, ಹೇಳಿದಾಗ ಪೂರ್ತಿ ಬಿಡಲೂ ಬೇಕು, ಇವೆರಡರ ನಡುವೆ ಒಂದೆರಡು ಸೆಕೆಂಡು ಹದವಾಗಿ ಜಾರಲೂ ಬೇಕು. ಜಾರುವುದು ಅದರ ದೋಷವಲ್ಲ, ಉದ್ಯೋಗ.

ನಮ್ಮ ರಸ್ತೆಯ ಸಣ್ಣ ಪಿಕಪ್ಪುಗಳನ್ನು ನೀವೆಲ್ಲ ಬಿಚ್ಚಿ ಕೂಡಿಸಿದ್ದೀರಿ. ಅವುಗಳ ಟಾರ್ಕ್ 200 ನ್ಯೂಟನ್ ಮೀಟರಿನ ಆಸುಪಾಸು. ನನ್ನ ಸೋದರಳಿಯನ ಗಾಡಿ ಕಾರ್ಖಾನೆಯಿಂದ ಹೊರಟಾಗಲೇ 325 ಅಶ್ವಶಕ್ತಿ, 610 ಪೌಂಡ್-ಅಡಿ ಟಾರ್ಕಿನದು. ನಮ್ಮ ಲೆಕ್ಕದಲ್ಲಿ ಸುಮಾರು 827 ನ್ಯೂಟನ್ ಮೀಟರ್. ಇದೇ ಮನೆತನದ ಎಂಜಿನ್ 1989ರಲ್ಲಿ ಮೊದಲ ಸಲ ಡಾಡ್ಜ್ ಪಿಕಪ್ಪಿಗೆ ಬಂದಾಗ 160 ಅಶ್ವಶಕ್ತಿ, 400 ಪೌಂಡ್-ಅಡಿ ಇತ್ತು. ಹದಿನೇಳು ವರ್ಷಗಳಲ್ಲಿ ಅಶ್ವಶಕ್ತಿ ಇಮ್ಮಡಿಯಾದರೂ ಟಾರ್ಕ್ ಒಂದೂವರೆ ಪಟ್ಟಷ್ಟೇ ಆಯಿತು. ಈ ವ್ಯತ್ಯಾಸವನ್ನು ಗಮನಿಸಿಕೊಳ್ಳಿ. ಏಕೆಂದರೆ ಕ್ಲಚ್ಚಿಗೆ ಕುದುರೆ ಕಾಣುವುದಿಲ್ಲ, ತಿರುಚುಬಲ ಮಾತ್ರ ಕಾಣುತ್ತದೆ.

ಅಮೆರಿಕದಲ್ಲಿ ಕ್ಲಚ್ ಮಾರುವವರು '500 ಅಶ್ವಶಕ್ತಿಗೆ' ಎಂದು ಬರೆದು ಮಾರುವುದುಂಟು. ಆ ಸಂಖ್ಯೆಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. 6,500 ಆರ್‌ಪಿಎಂನಲ್ಲಿ 500 ಅಶ್ವಶಕ್ತಿ ಕೊಡುವ ಪೆಟ್ರೋಲ್ ಎಂಜಿನ್ ಆ ವೇಗದಲ್ಲಿ ಹಾಕುವ ಟಾರ್ಕ್ ಸುಮಾರು 548 ನ್ಯೂಟನ್ ಮೀಟರ್. ಅದೇ 500 ಅಶ್ವಶಕ್ತಿಯನ್ನು 2,800 ಆರ್‌ಪಿಎಂನಲ್ಲಿ ಕೊಡುವ ಡೀಸೆಲ್ ಎಂಜಿನ್ ಹಾಕುವುದು ಸುಮಾರು 1,270. ಎರಡರ ಪೆಟ್ಟಿಗೆಯ ಮೇಲೂ ಒಂದೇ ಸಂಖ್ಯೆ, ಹೊರೆ ಮಾತ್ರ ಎರಡೂಕಾಲು ಪಟ್ಟು. ಸಾಲದ್ದಕ್ಕೆ ಡೀಸೆಲ್ ತನ್ನ ಪೂರ್ತಿ ಟಾರ್ಕನ್ನು 1,600 ಆರ್‌ಪಿಎಂ ಹೊತ್ತಿಗೇ ಎತ್ತಿ ಕೊಡುತ್ತದೆ. ಆರು ಸಿಲಿಂಡರುಗಳು ಪ್ರತಿ ಸುತ್ತಿಗೆ ಮೂರು ಗುದ್ದು ಕೊಡುತ್ತವೆ, ಅವೂ ಮೆತ್ತಗಿನ ಗುದ್ದುಗಳಲ್ಲ.

ಈಗ ಕಪ್ಪುಹಲಗೆಯ ಲೆಕ್ಕ. ಅಧ್ಯಾಪಕರು ಕ್ಷಮಿಸಬೇಕು, ಇದು ನಿಮ್ಮ ಎರಡನೆಯ ವರ್ಷದ ಪಾಠವೇ. ಕ್ಲಚ್ ಹಿಡಿಯಬಲ್ಲ ಟಾರ್ಕ್ ಎಂದರೆ ಘರ್ಷಣಾಂಕ, ಪ್ರೆಷರ್ ಪ್ಲೇಟ್ ಒತ್ತುವ ಬಲ, ಲೈನಿಂಗಿನ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ, ಈ ನಾಲ್ಕರ ಗುಣಲಬ್ಧ. 13 ಇಂಚಿನ ಪ್ಲೇಟ್ ತೆಗೆದುಕೊಳ್ಳೋಣ. ಸರಾಸರಿ ತ್ರಿಜ್ಯ 130 ಮಿಲಿಮೀಟರ್, ಘರ್ಷಣಾಂಕ 0.3, ಮುಖ ಎರಡು. 827 ನ್ಯೂಟನ್ ಮೀಟರ್ ಹಿಡಿಯಲು ಸುಮಾರು 10,600 ನ್ಯೂಟನ್ ಒತ್ತಬೇಕು. ಅಂದರೆ ಒಂದು ಟನ್ನಿಗೂ ಮಿಗಿಲಾದ ಭಾರ. ಟ್ಯೂನಿಂಗ್ ಮಾಡಿಸಿದ ಮೇಲೆ ಟಾರ್ಕ್ 800 ಪೌಂಡ್-ಅಡಿಗೆ, ಎಂದರೆ 1,085 ನ್ಯೂಟನ್ ಮೀಟರಿಗೆ ಏರಿತೆನ್ನಿ. ಮೇಲೆ ಕಾಲು ಭಾಗ ಮುನ್ನೆಚ್ಚರಿಕೆಗೆ ಸೇರಿಸಿದರೆ 17,400 ನ್ಯೂಟನ್ ಬೇಕು. ಒಂದೂಮುಕ್ಕಾಲು ಟನ್!

ಈ ಒಂದೂಮುಕ್ಕಾಲು ಟನ್ನನ್ನು ಪ್ರತಿ ಸಿಗ್ನಲ್ಲಿನಲ್ಲೂ ಯಾರೋ ಎಡಗಾಲಿನಲ್ಲಿ ಬಿಡಿಸಬೇಕು ಎನ್ನುವುದನ್ನು ಮರೆಯಬಾರದು. ಹೈಡ್ರಾಲಿಕ್ಸ್ ಮತ್ತು ರಿಲೀಸ್ ಫೋರ್ಕಿನ ಸನ್ನೆ ನೆರವಿಗೆ ಬರುತ್ತವೆ, ನಿಜ. ಆದರೆ ಬಿಡಿಸುವ ಬಲ ಎಲ್ಲಿಗೂ ಮಾಯವಾಗುವುದಿಲ್ಲ. ರಿಲೀಸ್ ಬೇರಿಂಗ್ ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಮುಂದಕ್ಕೆ ನೂಕಿದಾಗ ಆ ನೂಕು ಫ್ಲೈವೀಲಿನ ಮೂಲಕ ಕ್ರ್ಯಾಂಕ್‌ಶಾಫ್ಟಿಗೆ ಹೋಗಿ, ಎಂಜಿನ್ನಿನ ಥ್ರಸ್ಟ್ ಬೇರಿಂಗಿನ ಮೇಲೆ ಕೂರುತ್ತದೆ. ಭಾರಿ ಸ್ಪ್ರಿಂಗಿನ ಕ್ಲಚ್ ಹಾಕಿಸಿಕೊಂಡು, ಸಿಗ್ನಲ್ಲಿನಲ್ಲಿ ಗೇರ್ ನ್ಯೂಟ್ರಲ್ಲಿಗೆ ತಾರದೆ ಪೆಡಲ್ ಒತ್ತಿಕೊಂಡೇ ನಿಲ್ಲುವವನು ಕ್ಲಚ್ ಉಳಿಸಿ ಎಂಜಿನ್ ಸವೆಸುತ್ತಾನೆ.

ಇಲ್ಲೇ ಎರಡು ಪ್ಲೇಟಿನ ಕ್ಲಚ್ಚಿನ ಜಾಣತನ ಇರುವುದು. ಉಜ್ಜುವ ಮುಖಗಳು ನಾಲ್ಕಾದರೆ ಅದೇ ಟಾರ್ಕಿಗೆ ಅರ್ಧ ಒತ್ತಡ ಸಾಕು: 8,700 ನ್ಯೂಟನ್. ಪೆಡಲ್ ಹಗುರ, ಶಾಖ ಹೀರಲು ಕಬ್ಬಿಣ ಹೆಚ್ಚು. ಹಾಗಾದರೆ ಎಲ್ಲರೂ ಅದನ್ನೇ ಏಕೆ ಹಾಕಿಸುವುದಿಲ್ಲ? ದುಬಾರಿ ಎಂಬುದೊಂದು ಕಾರಣ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ ಅಂಟಿಕೊಂಡು ತಿರುಗುವ ಪ್ಲೇಟಿನ ತೂಕ ಹೆಚ್ಚಿದಷ್ಟೂ ಗೇರ್ ಬದಲಿಸುವಾಗ ಅದನ್ನು ನಿಧಾನಿಸಲು ಸಿಂಕ್ರೊನೈಸರ್ ಹೆಣಗಬೇಕು, ಇದು ಇನ್ನೊಂದು. ಗೇರ್ ಒಲ್ಲೆನೆಂದೇ ಬೀಳುತ್ತದೆ, ಸಿಂಕ್ರೊನೈಸರ್ ಬೇಗ ಸವೆಯುತ್ತದೆ.

ಲೈನಿಂಗಿನ ಮಾತು ಚುಟುಕಾಗಿ ಮುಗಿಸುತ್ತೇನೆ, ಮಧ್ಯಾಹ್ನ ಅದಕ್ಕೇ ಒಂದು ಗೋಷ್ಠಿಯಿದೆ. ಆರ್ಗ್ಯಾನಿಕ್ ಲೈನಿಂಗ್ ಮೆತ್ತಗೆ ಹಿಡಿಯುತ್ತದೆ, ಟ್ರೇಲರನ್ನು ಹಿಮ್ಮುಖವಾಗಿ ಇಂಚಿಂಚೇ ಸರಿಸುವವನಿಗೆ ಅದೇ ವರ. ಆದರೆ ಅತಿ ಕಾದರೆ ಸೋಲುತ್ತದೆ. ಸೆರಾಮಿಕ್ ಬಟನ್ನುಗಳ ಪ್ಲೇಟ್ ಬೆಂಕಿಗೆ ಜಗ್ಗುವುದಿಲ್ಲ, ಘರ್ಷಣಾಂಕವೂ ಹೆಚ್ಚು. ಆದರೆ ಅದಕ್ಕೆ 'ಸ್ವಲ್ಪ' ಎಂಬ ಪದ ಗೊತ್ತಿಲ್ಲ, ಗಾಡಿ ನಡುಗಿ, ಜಿಗಿದು ಹೊರಡುತ್ತದೆ. ಒಂದು ಮುಖ ಆರ್ಗ್ಯಾನಿಕ್, ಇನ್ನೊಂದು ಮುಖ ಸೆರಾಮಿಕ್ ಇರುವ ಪ್ಲೇಟುಗಳೂ ಅಲ್ಲಿ ಸಿಗುತ್ತವೆ. ನಡುವೆ ಒಂದು ಮಾತು: ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಬೆಲ್ ಹೌಸಿಂಗಿನ ಧೂಳಿಗೆ ಕಂಪ್ರೆಸರಿನ ಗಾಳಿ ಹೊಡೆಯುವ ಅಭ್ಯಾಸ ಇನ್ನೂ ಇರುವವರು ದಯವಿಟ್ಟು ಇವತ್ತೇ ಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಶಾಖದ ವಿಷಯ. ಕ್ಲಚ್ ಸಾಯುವುದು ಹಿಡಿದಿರುವಾಗ ಅಲ್ಲ, ಹಿಡಿದುಕೊಳ್ಳುವ ಹೊತ್ತಿನಲ್ಲಿ. ಪಿಕಪ್ಪು, ಟ್ರೇಲರು ಸೇರಿ 9 ಟನ್ ಎನ್ನಿ. ಆ ಗಾಡಿಗೆ ಅದು ಕಾರ್ಖಾನೆಯವರೇ ಒಪ್ಪಿದ ಭಾರ. ಆ ಆರು ಗೇರಿನ ಬಾಕ್ಸಿನಲ್ಲಿ ಮೊದಲ ಗೇರು ಬಲು ತಗ್ಗು. ಎಂಜಿನ್ 900 ಆರ್‌ಪಿಎಂನಲ್ಲಿದ್ದರೆ ಗಾಡಿಯ ವೇಗ ಗಂಟೆಗೆ ಐದೂವರೆ ಕಿಲೋಮೀಟರ್, ಚುರುಕಾಗಿ ನಡೆಯುವವನ ವೇಗ. ನಿಂತಲ್ಲಿಂದ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕ್ಲಚ್ಚಿನಲ್ಲಿ ಶಾಖವಾಗಿ ಹೋಗುವ ಶಕ್ತಿ, ಸಮತಟ್ಟು ರಸ್ತೆಯಲ್ಲಿ, ಗಾಡಿ ಗಳಿಸಿದ ಚಲನಶಕ್ತಿಯಷ್ಟೇ: ಸುಮಾರು 10 ಕಿಲೋಜೂಲ್. ಮೊದಲ ಗೇರು ಆಮೆ ಎಂದು ಬೇಸತ್ತು ಎರಡನೆಯದರಲ್ಲೇ ಹೊರಟರೆ? ಗೇರ್ ಅನುಪಾತ 1.8 ಪಟ್ಟು ಬದಲಾಗುತ್ತದೆ, ಶಾಖ ಅದರ ವರ್ಗದಷ್ಟು ಏರುತ್ತದೆ. 34 ಕಿಲೋಜೂಲ್. ಆ ಶಾಖವನ್ನೆಲ್ಲ ಒಂದು ಕಿಲೋ ಎರಕದ ಕಬ್ಬಿಣ ಕುಡಿದರೆ ಅದರ ಬಿಸಿ ಒಂದೇ ಸಲಕ್ಕೆ ಎಪ್ಪತ್ತು ಡಿಗ್ರಿಗೂ ಮಿಕ್ಕಿ ಏರುತ್ತದೆ. ಏರುದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಹತ್ತು ಸಲ ಹೀಗೆ ಹೊರಟರೆ ಆರುವುದಕ್ಕೆ ಬಿಡುವೇ ಇಲ್ಲ. ಕಾದ ಆರ್ಗ್ಯಾನಿಕ್ ಲೈನಿಂಗಿನ ಘರ್ಷಣಾಂಕ 0.3ರಿಂದ 0.2ಕ್ಕೆ ಕುಸಿಯಿತೆಂದರೆ ಕ್ಲಚ್ಚಿನ ಹಿಡಿತದಲ್ಲಿ ಮೂರನೆಯ ಒಂದು ಪಾಲು ಹೋಯಿತು. ಆಮೇಲೆ ಅದು ಹಿಡಿಯಬೇಕಾದಲ್ಲೂ ಜಾರುತ್ತದೆ, ಜಾರಿ ಮತ್ತೆ ಕಾಯುತ್ತದೆ. ಶಿರಾಡಿ ಘಾಟಿಯಲ್ಲಿ ಹಾಫ್ ಕ್ಲಚ್ಚಿನಲ್ಲಿ ಲಾರಿ ತಡೆದು ನಿಲ್ಲಿಸಿದವರ ಮೂಗಿಗೆ ಈ ಪಾಠ ಗೊತ್ತು.

ಆದ್ದರಿಂದ ನಾನು ಸೋದರಳಿಯನನ್ನು ಕೇಳಿದ ಮೊದಲ ಪ್ರಶ್ನೆ ಎಂಜಿನ್ನಿನದಲ್ಲ. "ಏನು ಎಳೀತೀಯ, ಎಲ್ಲಿ ನಿಲ್ತೀಯ, ಯಾವ ಗೇರಲ್ಲಿ ಹೊರಡ್ತೀಯ?" ಉತ್ತರ: ನಾಲ್ಕು ಟನ್ನಿನ ಟ್ರೇಲರ್, ತಿಂಗಳಿಗೆರಡು ಸಲ. ಹೊರಡುವುದು ಎರಡನೆಯ ಗೇರಿನಲ್ಲಿ. "ಎಲ್ರೂ ಹಂಗೇ ಮಾಡ್ತಾರೆ ಮಾವ." ಖಾಲಿ ಗಾಡಿಗೆ ಅದು ಸರಿಯೆ. ಟ್ರೇಲರ್ ಕಟ್ಟಿದ ದಿನವೂ ಅದೇ ಚಾಳಿ ಮುಂದುವರಿದದ್ದು ತಪ್ಪು.

ಆ ಗಾಡಿಯಲ್ಲಿ ಇನ್ನೊಂದು ತೊಡಕು. ಕಾರ್ಖಾನೆಯ ಫ್ಲೈವೀಲ್ ಎರಡು ತುಂಡಿನದು, ಡ್ಯುಯಲ್ ಮಾಸ್. ನಡುವಿನ ಸ್ಪ್ರಿಂಗುಗಳು ಎಂಜಿನ್ನಿನ ಗುದ್ದು ಗೇರ್‌ಬಾಕ್ಸಿಗೆ ಮುಟ್ಟದಂತೆ ನುಂಗುತ್ತವೆ. ಹೆಚ್ಚಿಸಿದ ಟಾರ್ಕಿಗೆ, ಶಾಖಕ್ಕೆ ಅವು ತಾಳುವುದಿಲ್ಲವೆಂದು ಅಲ್ಲಿಯವರು ಒಂದೇ ತುಂಡಿನ ಫ್ಲೈವೀಲ್ ಹಾಕಿಸುತ್ತಾರೆ. ಹಾಕಿಸಿದ ಮರುದಿನ ಶುರುವಾಗುತ್ತದೆ ಸದ್ದು. ನ್ಯೂಟ್ರಲ್ಲಿನಲ್ಲಿ ನಿಂತಾಗ ಡಬ್ಬದಲ್ಲಿ ಗೋಲಿ ಕುಲುಕಿದಂತೆ ಗಡಗಡ. ಪೆಡಲ್ ಒತ್ತಿದರೆ ನಿಲ್ಲುತ್ತದೆ. ಅದು ಗೇರಿನ ಹಲ್ಲುಗಳು ಒಂದಕ್ಕೊಂದು ಬಡಿಯುವ ಸದ್ದು. ಎರಡು ಪ್ಲೇಟಿನ ಕ್ಲಚ್ಚಿನದು ಇದಕ್ಕೆ ತದ್ವಿರುದ್ಧ: ಪೆಡಲ್ ಒತ್ತಿದಾಗ ಸಡಿಲವಾದ ನಡುವಣ ಪ್ಲೇಟ್ ಗಲಗಲ ಎನ್ನುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಹೊಸ ಕ್ಲಚ್ಚನ್ನೇ ಬಿಚ್ಚಿ ವಾಪಸ್ ಕಳಿಸಿದವರಿದ್ದಾರೆ.

ಬಿಚ್ಚುವ ಮಾತು ಬಂದಾಗ ನಮ್ಮದೇ ಒಂದು ದೌರ್ಬಲ್ಯ ಒಪ್ಪಿಕೊಳ್ಳಬೇಕು. ಗೇರ್ ಕರಕರ ಎಂದರೆ ಸಾಕು, ಗೇರ್‌ಬಾಕ್ಸ್ ಇಳಿಸಲು ನಾವು ತಯಾರು. ಎಷ್ಟೋ ಸಲ ತಪ್ಪು ಸ್ಲೇವ್ ಸಿಲಿಂಡರಿನದು, ಅಥವಾ ಪೈಪಿನಲ್ಲಿ ಸೇರಿದ ಗಾಳಿಯದು. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಷ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಹೊಸ ಪ್ಲೇಟ್ ಹಾಕಿ ಬಿಲ್ ಬರೆಯುತ್ತೇವೆ. ನಾನೂ ಮೂವತ್ತು ವರ್ಷದ ಹಿಂದೆ ಒಂದು ಮೆಟಾಡೋರಿಗೆ ಹೀಗೆ ಬರೆ ಹಾಕಿದ್ದೇನೆ. ಮಾಲೀಕರು ಒಳ್ಳೆಯವರು, ಬಯ್ಯಲಿಲ್ಲ. ಮತ್ತೆ ಬರಲೂ ಇಲ್ಲ.

ಗಟ್ಟಿ ಕ್ಲಚ್ಚಿನ ಹುಚ್ಚಿಗೆ ನನ್ನ ಕೊನೆಯ ತಕರಾರು ಇದು. ಟಾರ್ಕ್ ಸಾಗುವ ದಾರಿಯಲ್ಲಿ ಕ್ಲಚ್ ಒಂದು ಫ್ಯೂಸ್ ಕೂಡ ಹೌದು. ಅದು ಜಾರದಿದ್ದರೆ ಮುಂದಿನದು ಮುರಿಯುತ್ತದೆ: ಇನ್‌ಪುಟ್ ಶಾಫ್ಟ್, ಗೇರಿನ ಹಲ್ಲು, ಜಾಯಿಂಟು. ಗಾಡಿ ಮಾಡಿದವರಿಗೇ ಇದರ ಅಂಜಿಕೆ ಇತ್ತು. 2013ರ ರ‍್ಯಾಮ್ ಪಿಕಪ್ಪಿನಲ್ಲಿ 6.7 ಲೀಟರಿನ ಒಂದೇ ಕಮಿನ್ಸ್ ಎಂಜಿನ್ನಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜೊತೆಯಾದರೆ 850 ಪೌಂಡ್-ಅಡಿವರೆಗೆ ಬಿಟ್ಟುಕೊಟ್ಟರು, ಮ್ಯಾನ್ಯುಯಲ್ ಆದರೆ 660ಕ್ಕೇ ಕಡಿವಾಣ ಹಾಕಿದರು. 2018ರ ಮಾಡೆಲ್ಲಿನೊಂದಿಗೆ ಮ್ಯಾನ್ಯುಯಲ್ಲನ್ನೇ ನಿಲ್ಲಿಸಿದರು. ಅಂಥ ಹೊಸ ಪಿಕಪ್ಪುಗಳಲ್ಲಿ ಇಲ್ಲದ ವಸ್ತುವಿನ ಬಗ್ಗೆ ವಿಚಾರ ಸಂಕಿರಣ ಏಕೆ ಎಂದು ಯಾರಾದರೂ ಕೇಳಿದರೆ, ಹಳೆಯವು ಇನ್ನೂ ಓಡುತ್ತಿವೆ, ಅವುಗಳ ಕೆಳಗೆ ಮಲಗಿ ಕೆಲಸ ಮಾಡುವವರಿಗೆ ವಿದ್ಯೆ ಬೇಕು ಎಂದು ಹೇಳಿ.

ಸೋದರಳಿಯ ಕೊನೆಗೆ ಹಾಕಿಸಿದ್ದು 13 ಇಂಚಿನ ಒಂದೇ ಪ್ಲೇಟಿನ ಆರ್ಗ್ಯಾನಿಕ್ ಕ್ಲಚ್, ಕಾರ್ಖಾನೆಯದಕ್ಕಿಂತ ಬಿಗಿಯಾದ ಪ್ರೆಷರ್ ಪ್ಲೇಟ್, ಒಂದೇ ತುಂಡಿನ ಫ್ಲೈವೀಲ್. ಜೊತೆಗೆ ಹೊಸ ಸ್ಪಿಗಾಟ್ ಬೇರಿಂಗ್, ಹೊಸ ಸ್ಲೇವ್ ಸಿಲಿಂಡರ್. ಟ್ಯೂನಿಂಗನ್ನು ಕಾರ್ಖಾನೆಯ ಮಟ್ಟಕ್ಕೆ ಇಳಿಸಿಕೊಂಡ. ಕ್ಲಚ್ ಮಾಡಿದವರು ಹೇಳಿದಂತೆ ಮೊದಲ ಕೆಲವು ನೂರು ಮೈಲಿ ಟ್ರೇಲರ್ ಕಟ್ಟದೆ ಪ್ಲೇಟು ಕೂರಲು ಬಿಟ್ಟ. ನ್ಯೂಟ್ರಲ್ಲಿನಲ್ಲಿ ಗಡಗಡ ಇದೆಯಂತೆ, ಹೆಂಡತಿ ದೂರುತ್ತಾಳಂತೆ. ಟ್ರೇಲರ್ ಕಟ್ಟಿದ ದಿನ ಮೊದಲ ಗೇರಿನಲ್ಲೇ ಹೊರಡುತ್ತಾನೆ.

ಪಕ್ಕದ ಮೇಜಿನ ಮೇಲೆ ಸಂಘಟಕರು ಸುಟ್ಟ ಪ್ಲೇಟುಗಳನ್ನು ಸಾಲಾಗಿ ಇಟ್ಟಿದ್ದಾರೆ. ಚಹಾ ವಿರಾಮದಲ್ಲಿ ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿ. ನೀಲಿಗಟ್ಟಿದ್ದು ಯಾವುದು, ಹೊಳಪೇರಿ ಗಾಜಿನಂತಾದದ್ದು ಯಾವುದು, ಎಣ್ಣೆ ಕುಡಿದದ್ದು ಯಾವುದು, ಹಬ್ಬಿನ ಸ್ಪ್ರಿಂಗ್ ಮುರಿದದ್ದು ಯಾವುದು ಗುರುತಿಸಿ. ಅಧ್ಯಾಪಕರು ಊರಿಗೆ ಹೊರಡುವಾಗ ಒಂದನ್ನು ಚೀಲಕ್ಕೆ ಹಾಕಿಕೊಳ್ಳಿ, ಸೋಮವಾರದ ತರಗತಿಯಲ್ಲಿ ಸೂತ್ರ ಬರೆಯುವ ಮೊದಲು ಅದನ್ನು ಹುಡುಗರ ಕೈಗೆ ಕೊಡಿ.