ಬಿಸಿಲಿನಲ್ಲಿ ತೆಗೆದ ಮುಖ

ಕಥೆಗಾರ ತನ್ನ ಹಸ್ತಪ್ರತಿಯನ್ನು ಮಿತ್ರರಿಗೆ ಓದಿ ಹೇಳುತ್ತಾನೆ. ಗಾಯಕ ಗುರುವಿನ ಮುಂದೆ ಕುಳಿತು ಹಾಡುತ್ತಾನೆ. ಇಬ್ಬರೂ ತಿದ್ದಿಸಿಕೊಳ್ಳಲು ಸಿದ್ಧರಾಗಿಯೇ ಬಂದಿರುತ್ತಾರೆ. ಹವ್ಯಾಸಕ್ಕಾಗಿ ಕ್ಯಾಮೆರಾ ಹಿಡಿದವನು ಮಾತ್ರ ಚಿತ್ರವನ್ನು ಮುಂದೆ ಚಾಚಿ "ಹೇಗಿದೆ?" ಎಂದಾಗ, ಬಯಸುವುದು ಬಹುಮಟ್ಟಿಗೆ ಹೊಗಳಿಕೆಯನ್ನೇ. ನಾನೂ ಹಾಗೆಯೇ ಕೇಳಿದವನು.

1983ರ ಬೇಸಿಗೆ. ಮಂಡ್ಯದ ಬಳಿಯ ನಮ್ಮ ಊರಿನಲ್ಲಿ ನೆರೆಮನೆಯ ವೃದ್ಧ ರೈತರೊಬ್ಬರ ಭಾವಚಿತ್ರ ತೆಗೆದೆ. ನಡುಹಗಲು, ತಲೆಯ ಮೇಲೆ ಆಗತಾನೆ ಒಗೆದ ಬಿಳಿಯ ರುಮಾಲು, ಹಿಂದೆ ಹೊಳೆಯುವ ಆಕಾಶ, ಒಂದು ತೆಂಗಿನ ಮರ. ಬೆಳಕುಮಾಪಕದ ಮುಳ್ಳು ಹೇಳಿದಂತೆ ಕೇಳಿ ಗುಂಡಿ ಒತ್ತಿದೆ. ದೊಡ್ಡದು ಮಾಡಿಸಿದ ಪ್ರತಿಯನ್ನು ಮನೆಯವರೆಲ್ಲ ಮೆಚ್ಚಿದರು. ಆ ಮೆಚ್ಚುಗೆಯ ಬಲದಿಂದಲೇ ಅದನ್ನು ಮೈಸೂರಿನಲ್ಲಿ ಈ ಕಲೆಯಲ್ಲಿ ಪಳಗಿದ್ದ ಹಿರಿಯರೊಬ್ಬರ ಬಳಿಗೆ ಒಯ್ದೆ.

ಅವರು ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. "ರುಮಾಲಿನ ಚಿತ್ರ ತೆಗೆದಿದ್ದೀರಿ. ಇವರ ಕಣ್ಣು ಎಲ್ಲಿ?" ಎಂದರು.

ನೋಡಿದೆ. ಕಣ್ಣಿರಬೇಕಾದಲ್ಲಿ ಎರಡು ಕಪ್ಪು ಕುಳಿಗಳಿದ್ದವು. ಒಂದು ವಾರ ಅದೇ ಚಿತ್ರವನ್ನು ನೋಡಿದ್ದ ನನಗೆ ಅವು ಕಂಡಿರಲೇ ಇಲ್ಲ. ಆ ಮುಖ ನನಗೆ ಪರಿಚಿತ. ಚಿತ್ರದಲ್ಲಿಲ್ಲದ ಕಣ್ಣುಗಳನ್ನು ನನ್ನ ನೆನಪು ತುಂಬಿಕೊಡುತ್ತಿತ್ತು. ನಮ್ಮ ಮನೆಯವರಿಗೂ ಹಾಗೆಯೇ. ಅವರನ್ನು ಎಂದೂ ಕಂಡಿರದ ಒಬ್ಬರು ನೋಡಬೇಕಾಯಿತು.

ಆ ಹಿರಿಯರು ಚಿತ್ರದ ಮೇಲೆ ಬೆರಳಿಟ್ಟು ಒಂದೊಂದನ್ನೇ ತೋರಿಸಿದರು. ಸೂರ್ಯ ನೆತ್ತಿಯ ಮೇಲಿದ್ದುದರಿಂದ ಹುಬ್ಬಿನ ನೆರಳು ಕಣ್ಣಿಗೂ ಮೂಗಿನ ನೆರಳು ತುಟಿಗೂ ಬಿದ್ದಿತ್ತು. ಮಾಪಕಕ್ಕೆ ಬಿಳುಪು ಯಾವುದು, ಕಪ್ಪು ಯಾವುದು ಎಂಬುದು ತಿಳಿಯದು. ಎದುರಿಗಿರುವುದೆಲ್ಲ ಶೇಕಡಾ 18ರಷ್ಟು ಬೆಳಕನ್ನು ಹಿಂದಿರುಗಿಸುವ ಬೂದುಬಣ್ಣವೆಂದೇ ಅದರ ಎಣಿಕೆ. ರುಮಾಲು, ಆಕಾಶ ಎರಡೂ ಸೇರಿ ಅದಕ್ಕೆ ಮೋಸ ಮಾಡಿದ್ದವು. ಅದು ಬೆಳಕನ್ನು ತಗ್ಗಿಸಿತು, ಕಂದು ಮುಖ ಇದ್ದಿಲಾಯಿತು. ತೆಂಗಿನ ಮರ ರುಮಾಲಿನಿಂದಲೇ ಮೊಳೆತಂತಿತ್ತು. 50 ಮಿಲಿಮೀಟರ್ ಮಸೂರದೊಡನೆ ಮೂರಡಿ ಹತ್ತಿರ ನಿಂತಿದ್ದರಿಂದ ಮೂಗು ತುಸು ಊದಿಕೊಂಡಿತ್ತು. ಹೊಸ ಮಸೂರ ಕೊಳ್ಳಬೇಕೇ ಎಂದು ಕೇಳಿದೆ. "ಎರಡು ಹೆಜ್ಜೆ ಹಿಂದೆ ಸರಿದರೆ ಖರ್ಚಿಲ್ಲ" ಎಂದರು. ನಮ್ಮ ಪುಸ್ತಕ ವಿಮರ್ಶೆಗಳಲ್ಲಿ 'ಆಳವಾದ ಜೀವನದರ್ಶನ' ಎಂಬಂಥ ಮಾತು ಬಂದಾಗಲೆಲ್ಲ ನನಗೆ ಆ ಬೆರಳು ನೆನಪಾಗುತ್ತದೆ.

ವಿಮರ್ಶೆಯನ್ನೆಲ್ಲ ಶಿರಸಾವಹಿಸಬೇಕೆಂದು ನಾನು ಹೇಳಲಾರೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ನಲವತ್ತೆಂಟರ ವಯಸ್ಸಿನಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಮೆರಾ ಹಿಡಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರ ಭಾವಚಿತ್ರಗಳು ಮಸುಕೆಂದು ಅಂದಿನ ಛಾಯಾಗ್ರಹಣ ಪತ್ರಿಕೆಗಳು ಹಳಿದವು. ಆಕೆ ಜಗ್ಗಲಿಲ್ಲ. ಆದರೆ ಆಕೆಯ ಮಸುಕು ಬೇಕೆಂದು ಉಳಿಸಿಕೊಂಡದ್ದು. ನನ್ನ ಕತ್ತಲೆ ನನಗೇ ತಿಳಿಯದೆ ಬಂದದ್ದು.

ಎರಡನೆಯ ಬಾರಿ ಬೆಳಗ್ಗೆಯೇ ಹೋದೆ. ಅವರನ್ನು ಜಗಲಿಯ ಅಂಚಿನ ನೆರಳಿನಲ್ಲಿ, ಬೆಳಗುವ ಅಂಗಳಕ್ಕೆ ಮುಖಮಾಡಿ ಕೂರಿಸಿದೆ. ಕಾಲ ಬಳಿ ಒಂದು ಬಿಳಿಯ ಪಂಚೆ ಹಾಸಿದೆ; ಅದರಿಂದ ಚಿಮ್ಮಿದ ಬೆಳಕು ಕಣ್ಣಿನವರೆಗೂ ಏರಿತು. ಮಾಪಕವನ್ನು ಮುಖದ ಹತ್ತಿರಕ್ಕೆ ಒಯ್ದು ಅಳೆದೆ. ಈ ಸಲ ಚಿತ್ರವನ್ನು ಮೊದಲು ತೋರಿಸಿದ್ದು ಅವರಿಗೇ. ಬಹಳ ಹೊತ್ತು ನೋಡಿ, "ಎಲ್ಲಾ ಸರಿ ಸ್ವಾಮಿ, ನನ್ನ ಕೈ ಎಲ್ಲಿ ಹೋದ್ವು?" ಎಂದರು. ಎರಡು ಕೈಗಳನ್ನೂ ಮಣಿಕಟ್ಟಿನಲ್ಲಿ ಕತ್ತರಿಸಿಬಿಟ್ಟಿದ್ದೆ! ಅರವತ್ತು ವರ್ಷ ನೇಗಿಲು ಹಿಡಿದ ಕೈಗಳು. ಮೈಸೂರಿನಲ್ಲಿಯೂ ಬೆರಳು ಅದೇ ಜಾಗಕ್ಕೆ ಹೋಯಿತು.

ಮೂರನೆಯ ಬಾರಿ ಹೋದಾಗ ಅವರು ಗದ್ದೆಯಲ್ಲಿದ್ದರು. ಹೊತ್ತು ಮುಳುಗುತ್ತಿತ್ತು. ನಿಲ್ಲಿ, ಕೂರಿ ಎಂದು ನಾನು ಹೇಳಲಿಲ್ಲ. ಬದುವಿನ ಮೇಲೆ ಕುಳಿತು ಕೈಯ ಕೆಸರು ಉಜ್ಜಿಕೊಳ್ಳುತ್ತಿದ್ದವರು ತಲೆಯೆತ್ತಿ ನೋಡಿದರು. ಬೆಳಕು ಸಾಲದು, ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಹೊತ್ತು ಕವಾಟ ತೆರೆಯಬೇಕಾಯಿತು.

"ಕೈಗಳು ಅಲುಗಿವೆ," ಎಂದು ಆ ಹಿರಿಯರಿಗೆ ನಾನೇ ಮೊದಲು ಹೇಳಿದೆ.

"ಅಲುಗಲಿ ಬಿಡಿ," ಎಂದರು. ಬೆರಳನ್ನು ಎಲ್ಲಿಯೂ ಇಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಇವರಿಗೊಂದು ಪ್ರತಿ ಕೊಟ್ಟಿರಾ?" ಎಂದು ಕೇಳಿದರು.

ಕೊಟ್ಟಿರಲಿಲ್ಲ. ಮೂರು ಸಲ ಅವರ ಮುಖವನ್ನು ತೆಗೆದುಕೊಂಡು ಬಂದಿದ್ದೆ. ಒಂದನ್ನೂ ಅವರಿಗೆಂದು ಮಾಡಿಸಿರಲಿಲ್ಲ. ಹಿರಿಯರು ಎರಡು ರಟ್ಟುಗಳನ್ನು ಹುಡುಕಿ ತಂದು, ಚಿತ್ರವನ್ನು ನಡುವೆ ಇಟ್ಟು, ದಾರ ಕಟ್ಟಿ ನನ್ನ ಕೈಗಿತ್ತರು. ಸಂಜೆಯ ಮಂಡ್ಯದ ಬಸ್ಸಿಗೆ ಇನ್ನೂ ಹೊತ್ತಿತ್ತು.